ಡ್ರಮ್ಮಿನ ಹಿಂದಿನ ಕಂಠ

ಕೋಟೆ ಬೀದಿ, ಶಿವಮೊಗ್ಗ
೨೫ ಜನವರಿ ೧೯೬೭, ಸಂಜೆ

ಮಹಾಜನಗಳೇ! ಮುಂದಿನ ಕುರ್ಚಿಯ ಗಣ್ಯರೇ, ನಡುಬೆಂಚಿನ ಗೃಹಸ್ಥರೇ, ಚಾಪೆಯ ಮೇಲೆ ಕೂಸುಗಳನ್ನು ಮಲಗಿಸಿಕೊಂಡು ಕೂತ ತಾಯಂದಿರೇ, ಕಟ್ಟಕಡೆಯಲ್ಲಿ ಬೀಡಿ ಹಚ್ಚಿರುವ ನಾಲ್ಕಾಣೆ ಮಹಾರಾಜರೇ! ಗದ್ದಲ ಬೇಡ. ಪರದೆ ಏಳುತ್ತಿದೆ!

ಪ್ರಿಯ ಜನಾರ್ದನ,

ಗಾಬರಿಯಾಗಬೇಡ. ಆ ಹಿಮದ ಬೆಟ್ಟದ ಡೇರೆಯಲ್ಲಿ ನೀನೊಬ್ಬನೇ ಕೂತು ಇದನ್ನು ಓದುತ್ತೀಯೆಂದು ಬಲ್ಲೆ. ಆದರೆ ತುಂಬಿದ ಸಭೆಗಿಂತ ಕಡಿಮೆಗೆ ಬಾಯಿ ತೆರೆದು ನನಗೆ ಅಭ್ಯಾಸವಿಲ್ಲವಲ್ಲ! ನಿನ್ನ ದೀಪಾವಳಿಯ ಕಾಗದಕ್ಕೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಕ್ಷಮಿಸು. ಇಲ್ಲಿ ಎಲ್ಲರೂ ಕ್ಷೇಮ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅಮ್ಮಿ ನನ್ನ ತಂಗಿ ಖೈರುನ್ನೀಸಾಳ ಜೊತೆ ಇದ್ದಾಳೆ. ಕಣ್ಣು ಈಗ ಪೂರ್ತಿ ಹೋಗಿದೆ, ಊಟ ನಿದ್ದೆಗೆ ಕೊರತೆಯಿಲ್ಲ. ನಿನ್ನ ಪುಟ್ಟಲಕ್ಷ್ಮಿ ಮೊನ್ನೆ ಗಾಂಧಿ ಬಜಾರಿನಲ್ಲಿ ಸಿಕ್ಕಿದ್ದರು. ಮಗಳು ನಿನ್ನ ಫೋಟೋದ ಮೀಸೆಯನ್ನು ನೆಕ್ಕಿ ನೆಕ್ಕಿ ಅಳಿಸಿದ್ದಾಳಂತೆ.

"ಏನ್ ಅಬ್ಬಾಸಣ್ಣ, ತುಂಗೆ ಆಚೆ ದಡಕ್ಕೆ ಕೇಳಂಗೆ ಮಾತಾಡ್ತಿದ್ದೋರು, ಬರೀ ತಲೆ ಆಡಿಸ್ತೀರಲ್ಲ? ಮೌನವ್ರತಾನಾ?" ಎಂದು ನಕ್ಕರು.

ನಾನು ಮತ್ತೆ ತಲೆಯಾಡಿಸಿದೆ. ಕಾಗದ ತಡವಾದದ್ದಕ್ಕೂ ಆ ತಲೆಯಾಟಕ್ಕೂ ಕಾರಣ ಒಂದೇ. ಜನಾರ್ದನ, ನನ್ನ ಕಂಠ ಹೋಗಿದೆ.

ನಗಬೇಡ. ಹಾಗೆಂದು ಬರೆದ ಮೇಲೆ ನಾನೇ ಪೆನ್ನು ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತು ಬಂದೆ.

ನಮ್ಮಿಬ್ಬರ ಕಥೆ ಶುರುವಾದದ್ದು ಕಾಲೇಜು ಮೈದಾನದಲ್ಲಿ. ಅದೇ ಎನ್‌ಸಿಸಿ, ಮರದ ಬಂದೂಕು, ಪರೇಡು ಮುಗಿದ ಮೇಲಿನ ಪೂರಿ-ಸಾಗು. ಚೀನಾ ಯುದ್ಧವಾಗಿ, ಪದವಿ ಪಡೆದ ಕೆಡೆಟ್ಟುಗಳು ಬನ್ನಿ ಎಂದು ಸರ್ಕಾರ ತುರ್ತು ಕಮಿಷನ್ ಕೊಟ್ಟಾಗ ನಾವು ಒಂದೇ ರೈಲಿನಲ್ಲಿ ಮದರಾಸಿಗೆ ಹೋದೆವು. ತರಬೇತಿ ಮುಗಿದಾಗ ನಿನಗೆ ಗಡಿ ಸಿಕ್ಕಿತು. ನನಗೆ ಸಿಕ್ಕಿದ್ದು ಹೊಗಳಿಕೆ! "ಈ ಗಂಟಲನ್ನು ಬೆಟ್ಟಗುಡ್ಡದಲ್ಲಿ ಹಾಳು ಮಾಡಬಾರದು, ಇವನು ಕವಾಯತು ಕಲಿಸಲಿ" ಎಂದರು ದೊಡ್ಡವರು. ಕಲಿಸಿದೆ. ಕಲಿಸುತ್ತ ಕಲಿಸುತ್ತ ಎಲ್ಲಿಗೆ ಬಂದೆ? ಮತ್ತೆ ಶಿವಮೊಗ್ಗಕ್ಕೆ, ಅದೇ ಎನ್‌ಸಿಸಿಗೆ, ಪೂರಿ-ಸಾಗು ತಿಂದ ಅದೇ ಮೈದಾನಕ್ಕೆ! ಅರವತ್ತೈದರ ಪಾಕಿಸ್ತಾನದ ಯುದ್ಧದಲ್ಲಿ ನೀನು ಕಂದಕದಿಂದ ಬರೆಯುತ್ತಿದ್ದೆ. ಕವಾಯತು ಬರೋದಿಲ್ಲ ಎಂದು ಅಳುತ್ತಿದ್ದ ಬಿ.ಎಸ್ಸಿ. ಹುಡುಗರ ಎಡಗಾಲು ಬಲಗಾಲು ಸರಿಪಡಿಸುತ್ತ ನಾನಿಲ್ಲಿ ಕೂಗುತ್ತಿದ್ದೆ. ಗಡಿಗೆ ಕಳಿಸಿ ಎಂದು ಕೊಟ್ಟ ಅರ್ಜಿಗಳು ಹೋದ ದಾರಿಯಲ್ಲೇ ಹಿಂದಿರುಗಿದವು. "ನಿಮ್ಮನ್ನ್ಯಾಕೆ ಕಳಿಸ್ಲಿಲ್ಲ ಲೆಫ್ಟಿನೆಂಟ್ರೆ?" ಎಂದು ಚಹದಂಗಡಿಯಲ್ಲಿ ಒಬ್ಬ ಕೇಳಿದ. ಆ ಪ್ರಶ್ನೆಯ ಬಾಲದಲ್ಲಿ ಏನಿತ್ತೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಚಹ ಆರಿಹೋಯಿತು. ಹುಲಿವೇಷಕ್ಕೆ ಬಣ್ಣ ಬಳಿದು, ಬೋನಿನೊಳಗೇ ಗರ್ಜಿಸು ಎಂದ ಹಾಗಾಯಿತು ನನ್ನ ಸೈನಿಕ ಜೀವನ.

ಗರ್ಜಿಸಿದ್ದೂ ನಾಟಕದ ರೀತಿಯಲ್ಲೇ. ಅಪ್ಪ ನಾಟಕ ಕಂಪನಿಯ ಸೀನರಿ ಹೊರುವ ಲಾರಿ ಓಡಿಸುತ್ತಿದ್ದಾಗ ನಾನು ಮಡಿಸಿಟ್ಟ ಅರಮನೆ ಪರದೆಯ ಮೇಲೆ ಮಲಗಿ ಬೆಳೆದವನು. ಕಡೆಯ ಬೆಂಚಿಗೆ ಮಾತು ಮುಟ್ಟಬೇಕಾದರೆ ಗಂಟಲು ಹರಿದು ಎಸೆಯಬೇಕು ಎಂಬ ಒಂದೇ ಪಾಠ ಕಲಿತವನು. ನಾಟಕದ ರಾಜನಿಗೆ ಊರಿಂದೂರಿಗೆ ಹೋಗುವಾಗಲಾದರೂ ಬಿಡುವು ಇರುತ್ತದೆ. ನನಗೆ ಬೆಳಿಗ್ಗೆ ಸಂಜೆ ದಿನವೂ ಪಟ್ಟಾಭಿಷೇಕ! "ಸಾವಧಾನ್!" ಎಂದರೆ ಕೋಟೆ ಆಂಜನೇಯನ ಗುಡಿಯ ಪಾರಿವಾಳ ಏಳಬೇಕು. ಏಳುತ್ತಿದ್ದವು. ಕಳೆದ ಮಳೆಗಾಲದ ಕೊನೆಯಲ್ಲಿ ಸ್ವರ ಒಡೆಯಿತು. ಆಮೇಲೆ ಗೊರಗೊರ ಆಯಿತು. ಈಗ ಉಳಿದಿರುವುದು ಪಿಸುಗುಟ್ಟುವಷ್ಟು ಗಾಳಿ.

ಫೌಜಿನ ವೈದ್ಯರ ಬಳಿ ಹೋಗಲಿಲ್ಲ, ಭದ್ರಾವತಿಯ ಒಬ್ಬ ಖಾಸಗಿ ಡಾಕ್ಟರಿಗೆ ತೋರಿಸಿದೆ. ಕನ್ನಡಿ ಇಳಿಸಿ ನೋಡಿದ ಅವರು, "ಗಂಟು ಕಟ್ಟಿದೆ ಮಾರಾಯ್ರೆ. ಬೊಂಬಾಯಿಗೆ ಹೋಗಿ ಕುಯ್ಸಿದ್ರೆ ಮಾತು ಬರಬಹುದು. ಕೂಗೋದು ಮಾತ್ರ ಮುಗೀತು" ಎಂದರು. ಇದನ್ನು ಇಲಾಖೆಗೆ ತಿಳಿಸಿದ ದಿನವೇ ನನ್ನ ಸಮವಸ್ತ್ರ ಬಿಚ್ಚಿದಂತೆ. ತುರ್ತಿಗೆಂದು ತೆಗೆದುಕೊಂಡ ನಮ್ಮನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸುತ್ತಿರುವುದು ನಿನಗೂ ಗೊತ್ತು. ನಿನ್ನ ಎದೆಯ ಮೇಲೆ ಪದಕವಿದೆ, ನೀನು ಖಾಯಂ ಆಗುತ್ತೀಯೆ. ನನ್ನನ್ನು ಯಾವುದನ್ನು ನೋಡಿ ಇಟ್ಟುಕೊಳ್ಳಬೇಕು? ನಾಳಿನ ಗಣರಾಜ್ಯೋತ್ಸವದ ಪರೇಡಿಗೆ ಬೆಂಗಳೂರಿನಿಂದ ಬ್ರಿಗೇಡಿಯರ್ ಬರುತ್ತಿದ್ದಾರೆ. ಪರೇಡು ನಡೆಸುವವನು ನಾನು. ಅವರು ಮೆಚ್ಚಿ ಬರೆದರೆ ಖಾಯಂ ಕಮಿಷನ್, ಇಲ್ಲವಾದರೆ ಮನೆ.

ಇಲ್ಲಿ ಪ್ರವೇಶ ಜಟ್ಟಪ್ಪ! ನಿನಗೆ ನೆನಪಿರಬೇಕು. ಓಲ್ಡ್ ಟೌನ್ ನಾಟಕ ಸಂಘದಲ್ಲಿ ಪರದೆಯ ಪಕ್ಕ ಕೂತು ಮರೆತ ಮಾತು ಎತ್ತಿಕೊಡುತ್ತಿದ್ದ, ಹಗಲು ಕಬ್ಬಿಣದ ಕುಲುಮೆಯ ಕೆಲಸಕ್ಕೆ ಹೋಗುವ ಜಟ್ಟಪ್ಪ. ರಾಜನ ಪಾತ್ರಧಾರಿಗೆ ಗಂಟಲು ಕಟ್ಟಿದರೆ ನಮ್ಮ ಸಂಘದವರು ಆಟ ನಿಲ್ಲಿಸುತ್ತಿರಲಿಲ್ಲ. ರಾಜ ಬಾಯಿ ಆಡಿಸುತ್ತಿದ್ದ, ಪಕ್ಕದ ಪರದೆಯ ಮರೆಯಿಂದ ಜಟ್ಟಪ್ಪ ಅವನ ಮಾತನ್ನೆಲ್ಲ ಹೇಳುತ್ತಿದ್ದ. ಕಂಠದಾನ ಎನ್ನುತ್ತಿದ್ದೆವು. ಜನಕ್ಕೆ ಗೊತ್ತಾಗುತ್ತಿತ್ತು, ಆದರೂ ಚಪ್ಪಾಳೆ ಹೊಡೆಯುತ್ತಿದ್ದರು.

ಪಿಸುಮಾತಿನಲ್ಲೇ ಅವನಿಗೆ ಎಲ್ಲ ಹೇಳಿದೆ. ಎದೆ ತಟ್ಟಿಕೊಂಡ.

"ಲೇ ಅಬ್ಬಾಸ, ಅಷ್ಟು ದೊಡ್ಡ ಚಕ್ರವರ್ತೀನ ದಡ ಸೇರಿಸ್ದೋನು ನಾನು. ನಿನ್ ಬ್ರಿಗೇಡಿಯರ್ರು ಯಾವ್ ಲೆಕ್ಕ? ನೀನು ಬಾಯಿ ಆಡ್ಸು ಮಾರಾಯ, ಮಿಕ್ಕಿದ್ದು ನಂಗ್ ಬಿಡು."

ಮೊನ್ನೆ ಕೊನೆಯ ತಾಲೀಮು. ಬ್ಯಾಂಡಿನವರ ಕೆಂಪು ಕೋಟು ತೊಡಿಸಿ ಅವನನ್ನು ದೊಡ್ಡ ಡ್ರಮ್ಮಿನ ಹಿಂದೆ ಕೂರಿಸಿದ್ದೆ. ಹೊಟ್ಟೆಯ ಮೇಲಿನ ಗುಂಡಿ ಹಾಕಲು ಬರಲಿಲ್ಲ. ನಾನು ಕತ್ತಿ ಎತ್ತಿ ಬಾಯಿ ತೆರೆದೆ. ಡ್ರಮ್ಮಿನ ಹಿಂದಿನಿಂದ "ಪರೇಡ್..." ಎಂದು ಗುಡುಗಿತು. ಸರಿಯಾಗಿಯೇ ಇತ್ತು. ಆದರೆ ಚಟ ಎಲ್ಲಿಗೆ ಹೋಗುತ್ತದೆ? "ಸಾವಧಾಆಆನ್" ಎಂದು ನಾಟಕದ ಕಂದಪದ್ಯದ ಹಾಗೆ ಎಳೆದುಬಿಟ್ಟ. ಮೊಣಕಾಲೆತ್ತಿದ ಹುಡುಗರೆಲ್ಲ ಕೆರೆಯ ಕೊಕ್ಕರೆಗಳಂತೆ ಒಂಟಿಕಾಲಲ್ಲಿ ತೂಗಾಡಿದರು. ನಾನೂ ತೆರೆದ ಬಾಯಿ ಮುಚ್ಚಲಾಗದೆ ನಿಂತೆ. ಕೊನೆಗೆ ಅವನ ಉಸಿರು ಮುಗಿಯಿತು. ಧಡ್! ಮೈದಾನವೇ ಒಂದು ಹಿಮ್ಮಡಿಯಾಯಿತು.

ಬೈಗುಳ ಕಾದೆ. ನಮ್ಮ ಕರ್ನಲ್ ಸಾಹೇಬರು ಕನ್ನಡದ ನಾಟಕ ಕಂಡವರಲ್ಲ. ನೆಗಡಿ ಎಂದು ನಾನು ತಿಂಗಳುಗಳಿಂದ ಹೇಳುತ್ತಿದ್ದುದನ್ನು ನಂಬಿದವರು. ಓಡಿಬಂದು ಬೆನ್ನು ತಟ್ಟಿ, ಹಳೆಯ ಗಂಟಲು ಹಿಂದಿರುಗಿತು, ಪರೇಡಿನ ದಿನವೂ ಹೀಗೇ ಆಗಲಿ, ನಿನ್ನನ್ನು ಈ ಹುದ್ದೆಯಿಂದ ಅಲುಗಾಡಿಸಲು ಯಾರಿಗೂ ಬಿಡುವುದಿಲ್ಲ ಎಂದರು. ಕೇಳಿದೆಯಾ? ಯಾರಿಗೂ ಬಿಡುವುದಿಲ್ಲವಂತೆ!

ಸಂಜೆ ಜಟ್ಟಪ್ಪ ಕೆಂಪು ಕೋಟು ಕಳಚುತ್ತ ಹೇಳಿದ: "ಖಾಯಂ ಆದ್ಮೇಲೆ ನಂಗೂ ಒಂದು ಪೋಸ್ಟಿಂಗ್ ಕೊಡ್ಸೋ. ನೀನು ಕಾಶ್ಮೀರಕ್ಕೋಗು, ಅಸ್ಸಾಮಿಗೋಗು, ಡ್ರಮ್ಮು ಹೊತ್ಕೊಂಡ್ ಹಿಂದೆ ಬರ್ತೀನಿ."

ಅವನು ನಕ್ಕ. ನಾನು ಆ ಕೋಟನ್ನು ಮಡಿಸುತ್ತ ಲೆಕ್ಕ ಹಾಕಿದೆ. ನಾಳೆ ಗೆದ್ದರೆ ಉಳಿದ ಆಯಸ್ಸೆಲ್ಲ ಡ್ರಮ್ಮಿನ ಹಿಂದೆ ಒಬ್ಬನನ್ನು ಬಚ್ಚಿಟ್ಟುಕೊಂಡು ಬದುಕಬೇಕು. ಸೋತರೆ ಇದೇ ಊರಿನ ಇದೇ ಬೀದಿಯಲ್ಲಿ, ಪೋಷಾಕು ಕಳಚಿಸಿಕೊಂಡ ನಟನಾಗಿ, ತಲೆಯಾಡಿಸುತ್ತ ಓಡಾಡಬೇಕು. ರಂಗದ ಎರಡು ಪಕ್ಕದಲ್ಲೂ ಬಾಗಿಲಿಗೆ ಬೀಗ. ಎದುರಿಗೆ ಜನ. ಬೆನ್ನಿಗೆ ಪರದೆ, ಅದರ ಮೇಲೆ ಬರೆದ ಹೆಬ್ಬಾಗಿಲು ತೆರೆಯುವ ಬಾಗಿಲಲ್ಲ.

ಇಷ್ಟು ಕೂಗಿದ್ದಕ್ಕೆ ಎದೆ ಹಗುರಾಯಿತು. ಕಾಗದದ ಮೇಲೆ ನನ್ನ ಗಂಟಲು ಇನ್ನೂ ಚೆನ್ನಾಗಿದೆ, ನೋಡಿದೆಯಾ? ಉಣ್ಣೆಯ ಕಾಲುಚೀಲ ಒದ್ದೆಯಾಗಲು ಬಿಡಬೇಡ. ಮೀಸೆ ಕಳೆದುಕೊಂಡ ಫೋಟೋದ ಬದಲು ಇನ್ನೊಂದು ಕಳಿಸು. ನಿನ್ನ ಮಗಳಿಗೆ ನನ್ನ ಆಶೀರ್ವಾದ. ನೀನು ನಿಂತ ಬೆಟ್ಟ ನಿನ್ನನ್ನು ಕಾಯಲಿ, ಮೇಲಿರುವವನು ಆ ಬೆಟ್ಟವನ್ನು ಕಾಯಲಿ.

ನಿನ್ನ,
ಅಬ್ಬಾಸ್ ಅಲಿ

ಮತ್ತೆ ಬರೆದದ್ದು: ಅಮ್ಮಿ ಕ್ಷೇಮ ಎಂದು ಒಂದೇ ಉಸಿರಿಗೆ ಬರೆದು ದಾಟಿಹೋದೆ. ನಿನಗೆ ಸುಳ್ಳು ಹೇಳಿ ಮಲಗಲಾರೆ.

ರಂಜಾನ್ ಹಬ್ಬಕ್ಕೆ ಮನೆಗೆ ಹೋಗಿದ್ದೆ. ಅಮ್ಮಿ ನನ್ನನ್ನು ಈಗ ಕಾಣುವುದು ದನಿಯಿಂದ ಮಾತ್ರ. ಈ ಪಿಸುಗಾಳಿ ಕೇಳಿದರೆ ಎದೆಯೊಡೆದುಕೊಳ್ಳುತ್ತಾಳೆ ಎಂದು ಹೆದರಿ, ಅಪ್ಪಿಕೊಂಡು ಕೈಗೆ ಮುತ್ತಿಟ್ಟು ಸುಮ್ಮನೆ ಕೂತೆ. ಗಂಜಿ ಹಾಕಿದ ಬಟ್ಟೆಯ ವಾಸನೆಯಿಂದ ನನ್ನನ್ನು ಗುರುತಿಸಿ ಅಂಗಿ ಸವರುತ್ತ, "ಬೇಟಾ, ಏನಾದ್ರೂ ಮಾತಾಡೋ" ಎಂದಳು. "ಅಣ್ಣನಿಗೆ ಅವಸರ ಇದೆ ಅಮ್ಮಿ" ಎಂದು, ನನ್ನದು ಬರೀ ನೆಗಡಿ ಎಂದೇ ನಂಬಿದ್ದ ಖೈರುನ್ನೀಸಾ ಮುಚ್ಚಿಹಾಕಿದಳು. ನಾನು ಎದ್ದು ಬಂದೆ.

ಮೊನ್ನೆ ತಾಲೀಮಿನ ದಿನ, ನನಗೆ ಹೇಳದೆ, ತಂಗಿ ಅವಳನ್ನು ಬಸ್ಸಿನಲ್ಲಿ ಕರೆತಂದು ಮೈದಾನದ ಬೇಲಿಯ ಹೊರಗೆ ನಿಲ್ಲಿಸಿದ್ದಳಂತೆ. ಒಂದು ಸಲವಾದರೂ ಮಗನ ದನಿ ಕೇಳಲಿ ಎಂದು. ಕರ್ನಲ್ಲರಿಗೆ ತಿಳಿಯಲಿಲ್ಲ, ಇಡೀ ಬೆಟಾಲಿಯನ್ನಿಗೆ ತಿಳಿಯಲಿಲ್ಲ. ಅಮ್ಮಿ ಮೊದಲ ಪದಕ್ಕೇ ಮುಖ ತಿರುಗಿಸಿದಳಂತೆ.

"ಇದು ನಮ್ ಜಟ್ಟಪ್ಪ. ನನ್ ಮಗ ಎಲ್ಲಿ? ಲಡಾಯಿಗೆ ಅವನನ್ನ ಕಳಿಸ್ಬೇಡ ಅಂತ ನಾನು ದುವಾ ಕೇಳಿದ್ದೆ. ಅವನು ಹೋಗ್ಲಿಲ್ಲ. ಆ ಸಿಟ್ಟು ನನ್ ಮೇಲೆ ಇನ್ನೂ ಇದೆ. ನನ್ ಕಿವಿಗೆ ಬೀಳಬಾರದು ಅಂತ ಬೇರೆಯವನ ಕೈಲಿ ಕೂಗಿಸ್ತಾನೆ" ಎಂದು, ಮಲವಗೊಪ್ಪ ದಾಟುವವರೆಗೂ ಬಸ್ಸಿನಲ್ಲಿ ಅಳುತ್ತಿದ್ದಳಂತೆ. ಖೈರುನ್ನೀಸಾ ನಿನ್ನೆ ಬಂದು ಇದನ್ನು ಹೇಳಿ, ನನಗೆ ಬೈದು ಹೋದಳು. ಅದನ್ನು ಕೇಳಿದ ಮೇಲೆ ಬ್ರಿಗೇಡಿಯರರ ನೆನಪೇ ಹಾರಿಹೋಯಿತು, ಮತ್ತೆ ಬಂದದ್ದು ಈ ಕಾಗದ ಬರೆಯುವಾಗಲೇ.

ಈಗಷ್ಟೇ ಜಟ್ಟಪ್ಪನಿಗೆ ಹೇಳಿ ಕಳಿಸಿದ್ದೇನೆ, ಕೆಂಪು ಕೋಟು ಬೇಡ, ನಿನ್ನ ಕುಲುಮೆಗೆ ಹೋಗು ಎಂದು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ, ಪರೇಡಿನ ಪೋಷಾಕಿನಲ್ಲೇ, ಓಲ್ಡ್ ಟೌನಿಗೆ ಹೋಗುತ್ತೇನೆ. ಅಮ್ಮಿಯ ಮಂಚದ ಪಕ್ಕ ಕೂತು, ಅವಳ ಕೈ ಎತ್ತಿ ನನ್ನ ಗಂಟಲ ಮೇಲಿಟ್ಟುಕೊಂಡು, ಉಳಿದಿರುವ ಗಾಳಿಯಲ್ಲೇ "ಅಮ್ಮಿ" ಎನ್ನುತ್ತೇನೆ. ಆಮೇಲೆ ಮೈದಾನಕ್ಕೆ ಬಂದು, ಅವಳಿಗೆ ಕೇಳಿಸಿದಷ್ಟನ್ನೇ ಬ್ರಿಗೇಡಿಯರರಿಗೂ ಕೇಳಿಸುತ್ತೇನೆ.