ಗಂಡಿಯ ಮೇಲೆ ಕೂತವನು

ಕ್ಯಾತನಹಳ್ಳಿ
7-8-1996

ಪ್ರೀತಿಯ ಮೊಮ್ಮಗಳು ಮೇಘನಾ,

ಹೇಗಿದ್ದೀಯ ತಾಯಿ? ಮೈಸೂರಿನ ಹಾಸ್ಟೆಲಿನ ಮುದ್ದೆ ಇನ್ನೂ ಕಲ್ಲಿನ ಹಾಗೇ ಇದೆಯೋ? ನಾನು ಚೆನ್ನಾಗಿದ್ದೇನೆ. ಎರಡು ಸಲ ಡ್ರಿಪ್ ಹಾಕಿಸಿಕೊಂಡು ಕೆಟ್ಟಿದ್ದ ನಾಲಿಗೆ ಸರಿಹೋಗಿದೆ. ನಿನ್ನೆ ನಿನ್ನಜ್ಜಿಯ ಉಪ್ಸಾರಿನಲ್ಲಿ ಒಂದು ಮುದ್ದೆ ಪೂರ್ತಿ ಮುಗಿಸಿದೆ. ಆದರೂ ಮೂರನೇ ಡ್ರಿಪ್ಪಿಗೆ ಹೋಗುವುದಿಲ್ಲ ಎಂದು ನಾನು ಹಟ ಹಿಡಿದದ್ದಕ್ಕೆ ಮನೆಯಲ್ಲಿ ಎಲ್ಲರ ಮುಖ ದಪ್ಪಗಾಗಿದೆ. ಬಿಟ್ಟರೆ ಮೂತ್ರಕೋಶದ ಗಡ್ಡೆ ಮತ್ತೆ ಬೆಳೆಯುತ್ತದೆ ಎಂದು ಡಾಕ್ಟರು ಹೇಳಿದ್ದಾರಲ್ಲ.

ನನ್ನ ಹಟಕ್ಕೆ ನೀನೇ ಕಾರಣ. ಡ್ರಿಪ್ಪಿನಲ್ಲಿ ಬಿಡುವ ಈ ಪ್ಲಾಟಿನಂ ಔಷಧಿ ಗಡ್ಡೆಯ ಜೀವಕೋಶದೊಳಗೆ ಹೋಗಿ ಡಿಎನ್‌ಎ ಎಂಬ ಎಳೆಗೆ ಅಂಟಿಕೊಂಡು ಅದನ್ನು ಬಗ್ಗಿಸುತ್ತದೆ, ಹಾಳಾದದ್ದನ್ನು ರಿಪೇರಿ ಮಾಡುವ ಪ್ರೋಟೀನುಗಳೂ ಅಲ್ಲೇ ಇವೆ ಎಂದು ಹೋದ ತಿಂಗಳು ಹೇಳಿದವಳು ನೀನು. ಮೂವತ್ತು ವರ್ಷ ನೀರುಗಂಟಿಯಾಗಿ ನಾಲೆಯ ಏರಿ ಕಾದವನು ನಾನು. ಏರಿಯಲ್ಲಿ ಎಲ್ಲಿ ಗಂಡಿ ಬಿದ್ದರೂ ಹೊತ್ತು ಮುಳುಗುವುದರೊಳಗೆ ಮಣ್ಣು ಮೆತ್ತಿದ್ದೇನೆ. ಗಡ್ಡೆಯೊಳಗೂ ನನ್ನಂಥ ಕೆಲಸಗಾರ ಇದ್ದರೆ ಔಷಧಿಯೆಲ್ಲ ದಂಡ ಎಂದುಕೊಂಡೆ.

ಮೊನ್ನೆ ನಿನ್ನ ಕಾಗದ ಓದಿ ನಕ್ಕುಬಿಟ್ಟೆ. ಬಗ್ಗಿದ ಜಾಗವನ್ನೇ ಹುಡುಕಿಕೊಂಡು ಬೇರೆ ಜಾತಿಯ ಪ್ರೋಟೀನು ಬಂದು ಅದರ ಮೇಲೆ ಕೂರುತ್ತದಂತೆ. ರಿಪೇರಿಯವರಿಗೆ ಆ ಜಾಗ ಕಾಣದೆ ಗಡ್ಡೆಯ ಕೋಶ ಸಾಯುತ್ತದಂತೆ. ಹೀಗಿರಬಹುದು, ಇನ್ನೂ ಪರೀಕ್ಷೆಗಳು ನಡೆಯುತ್ತಿವೆ ಎಂದೂ ಬರೆದಿದ್ದೀಯ. ನನಗೆ ಯಾವ ಪರೀಕ್ಷೆಯೂ ಬೇಡ. ನಮ್ಮ ಪಕ್ಕದ ಗದ್ದೆಯ ಬೋರಯ್ಯ ಒಮ್ಮೆ ಕಬ್ಬಿಗೆ ಕದ್ದು ನೀರು ಬಿಟ್ಟುಕೊಳ್ಳಲು ಏರಿ ಅಗೆದು, ಆ ಗಂಡಿಯ ಮೇಲೇ ಕಂಬಳಿ ಹರಡಿ ಕೂತಿದ್ದ. ಏನೋ ಇಲ್ಲಿ ಎಂದರೆ, "ಏನಿಲ್ಲ ಕಣ್ ಮಂಚಣ್ಣ, ಸುಮ್ಕೆ ಬಿಸ್ಲು ಕಾಯಿಸ್ಕತಾ ಕುಂತಿವ್ನಿ" ಅಂದ. ನಾನು ಅವನಿಗೊಂದು ಬೀಡಿ ಕೊಟ್ಟು ಮುಂದೆ ಹೋದೆ! ಬೆಳಗಾಗುವುದರೊಳಗೆ ಏರಿ ಹತ್ತು ಮಾರು ಕಿತ್ತುಕೊಂಡು ಹೋಗಿತ್ತು. ನನಗೇ ಮಂಕುಬೂದಿ ಎರಚಿದ ಮೇಲೆ ಗಡ್ಡೆಯೊಳಗಿನ ಆ ಕೆಲಸಗಾರ ಯಾವ ಲೆಕ್ಕ? ಔಷಧಿ ಕೆಲಸ ಮಾಡುತ್ತದೆ ಎಂದು ಒಪ್ಪಿದ್ದೇನೆ. ನೀನು ಗೆದ್ದೆ.

ನಿನ್ನಜ್ಜಿ ಯಶೋದಮ್ಮ ಕೊಬ್ಬರಿ ಮಿಠಾಯಿ ಮಾಡಿಟ್ಟಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕರಿಘಟ್ಟದ ಸ್ವಾಮಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಹಟಮಾರಿ ತಾತ,
ಮಂಚಯ್ಯ

ಮರೆತಿದ್ದೆ: ಸೋಮವಾರ ಏಳು ಗಂಟೆಯ ಬಸ್ಸಿಗೆ ಹೊರಡುತ್ತೇನೆ. ಆಸ್ಪತ್ರೆಯ ಬಾಗಿಲಲ್ಲಿ ನೀನು ನಿಂತಿರಬೇಕು. ರಿಪೇರಿಯ ವಾದವೆಲ್ಲ ಸುಮ್ಮನೆ ಕಣೇ. ಹೋದ ಸಲ ಪಕ್ಕದ ಮಂಚದಲ್ಲಿ ನನ್ನ ಜೊತೆ ಹರಟುತ್ತಿದ್ದವನು ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಅವತ್ತಿನಿಂದ ನನಗೆ ಭಯ. ಅಜ್ಜಿಗೆ ಹೇಳಬೇಡ.