ಹೆಸರು ಹಿಡಿದು ಕೂಗಿದವಳು

ರೀ,

ಇವತ್ತು ಮಧ್ಯಾಹ್ನ ನಮ್ಮ ಸಿಂಚನ ಟೀವಿಯಲ್ಲಿ ಹಳೆಯದೊಂದು ಇಂಗ್ಲಿಷ್ ಸಿನಿಮಾ ಹಾಕಿದಳು. ಲಂಡನ್ನಿನ ಒಬ್ಬಳು ಹುಡುಗಿ, ಒಬ್ಬ ಗಡಿಯಾರ ರಿಪೇರಿಯವನು. ಒಂದೇ ಛತ್ರಿಯನ್ನು ತನ್ನದು ತನ್ನದು ಎಂದು ಸಿನಿಮಾ ಪೂರ್ತಿ ಜಗಳವಾಡುತ್ತಾರೆ. ಮಾತು ಅರ್ಧ ತಿಳಿಯದಿದ್ದರೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕಪ್ಪು-ಬಿಳುಪಿನಲ್ಲಿ ಅಷ್ಟೊಂದು ಬೆಳಕಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಕೊನೆಗೆ ಅವನು ಮುನಿಸಿಕೊಂಡು ರೈಲಿಗೆ ಹೊರಟ. ಸ್ಟೇಷನ್ ತುಂಬ ಜನ, ಎಲ್ಲರ ತಲೆಯ ಮೇಲೂ ಒಂದೇ ಥರದ ಟೋಪಿ. ಅವಳು ಓಡಿಬಂದು ಅವನ ಹೆಸರು ಹಿಡಿದು ಕೂಗಿದಳು. ಅಷ್ಟು ಜನರಲ್ಲಿ ಅವನೊಬ್ಬನೇ ತಿರುಗಿದ.

"ಅಮ್ಮಾ, ಅಪ್ಪ ಮನೆ ಬಿಟ್ಟು ಹೋದಾಗ ನೀನು ಕೂಗ್ಲಿಲ್ವಾ?" ಎಂದಳು ಸಿಂಚನ.

"ಕೂಗ್ದೆ ಕಣೇ."

ಹನ್ನೊಂದು ವರ್ಷದ ಹಿಂದೆ, ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ, "ರೀ" ಎಂದು ಕೂಗಿದ್ದೆ. ಅಲ್ಲಿದ್ದ ಗಂಡಸರೆಲ್ಲ ತಿರುಗಿ ನೋಡಿದರು. ನೀವು ಬಸ್ಸು ಹತ್ತಿಬಿಟ್ಟಿರಿ.

ಸಿನಿಮಾ ಮುಗಿದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಜೀವನದಲ್ಲಿ ಮೊದಲ ಸಲ, ಗಟ್ಟಿಯಾಗಿ ಹೇಳಿನೋಡಿದೆ.

ಮುನಿಶಾಮಿ.

ಎಷ್ಟು ಸುಲಭದ ಹೆಸರು ರೀ ನಿಮ್ಮದು.