ಬರೆಯಲು ಬಿಡದ ಡಿಸ್ಕು

ಬಸವಕಲ್ಯಾಣ
14 ನವೆಂಬರ್ 2025, ಶುಕ್ರವಾರ

ನನ್ನ ಬಂಗಾರದಂಥ ಸುಮೇಧಾಗ ಮೌಶಿಯ ಜೈಭೀಮ. ಕೂಸಿನ ಹಣೆಗೆ ಒಂದು ಮುತ್ತು.

ಹುಮನಾಬಾದದಾಗ ಥಂಡಿ ಸುರು ಆಗಿರಬೇಕು. ಬಾಣಂತಿ ಕಿವಿ ತೆರೆದು ಅಡ್ಡಾಡಬಾರದು, ಅರಿವೆ ಕಟ್ಟಿಕೋ.

ಈ ವಾರ ಪೂರ್ತಿ ನಾ ಸಿಟ್ಟಿನ್ಯಾಗೇ ಇದ್ದೀನಿ. ಮನುಷ್ಯರ ಮ್ಯಾಲ ಅಲ್ಲ, ಒಂದು ಡಬ್ಬಿಯ ಮ್ಯಾಲ. ರವಿವಾರ ಕೂಸಿಗೆ ಹೆಸರಿಡುವಾಗ ಅವ್ವನ ತೊಟ್ಟಿಲ ಪದ ಹಚ್ಚಬೇಕು, ಕಳಿಸು ಮೌಶಿ ಅಂತ ನೀ ಹೇಳಿ ಎಂಟು ದಿನ ಆಯ್ತು. ಮುಡಬಿಯ ಮನ್ಯಾಗ ನಿಮ್ಮ ಅವ್ವ, ನನ್ನ ಅಕ್ಕ ಗಯಾಬಾಯಿ ಹಾಸಿಗೆ ಹಿಡಿದಾಗ, ಮೊಮ್ಮಗು ಬರುವತನಕ ನಾ ಎಲ್ಲಿ ಇರ್ತೀನಿ ಅಂತ ಮುಂಚೆನೇ ಹಾಡಿಟ್ಟ ಪದ. ನಾನೇ ಮೊಬೈಲಿನಾಗ ಹಿಡಿದಿದ್ದೆ. ಈಗ ಅದು ಇರೋದು ಒಂದೇ ಕಡೆ, ನನ್ನ ಹಳೆ ಕಂಪ್ಯೂಟರಿನ ಡಿಸ್ಕಿನಾಗ.

ಆ ಕಂಪ್ಯೂಟರ್ ಶ್ರಾವಣದಾಗ ಸುಟ್ಟಿತು. ಬಸ್‌ಸ್ಟ್ಯಾಂಡ್ ಹಂತೇಲಿ ರಿಪೇರಿ ಅಂಗಡಿ ಇಟ್ಟಿರುವ ಸಿರಾಜುದ್ದೀನ್ ಬ್ಯಾರೆ ಒಂದು ಕೊಟ್ಟ. ಇದರಾಗ ವಿಂಡೋಸ್ ಇಲ್ಲ, ಲಿನಕ್ಸ್ ಅದ, ಅರಾಮ ನಡೀತದ ಟೀಚರ್ ಅಂದ. ಸುಟ್ಟದ್ದರೊಳಗಿನ ಡಿಸ್ಕ್ ತೆಗೆದು ಡಬ್ಬಿಗೆ ಹಾಕಿ, ವೈರ್ ಹಚ್ಚಿಕೊಟ್ಟ.

ಅರಾಮ ಅಂತ ಅರಾಮ! ವೈರ್ ಚುಚ್ಚಿದರೆ ಫೈಲುಗಳೆಲ್ಲ ಕಣ್ಣಿಗೆ ಕಾಣ್ತಾವ, ಕೈ ಹಚ್ಚಿದರೆ ಓದಲು ಮಾತ್ರ ಅನುಮತಿ ಅದ ಅಂತದ. ಹೆಸರು ಬದಲಿಸಲಿಕ್ಕೆ ಹೋದರೆ ಒಲ್ಲೆ, ಉಳಿಸಲಿಕ್ಕೆ ಹೋದರೆ ಒಲ್ಲೆ. ನನ್ನ ಡಿಸ್ಕಿಗೆ ನನಗ ಅನುಮತಿ ಕೊಡಾವ ಇವ ಯಾವನು? ವೈರ್ ಕಿತ್ತಿ ಹಚ್ಚಿದೆ, ಊದಿದೆ, ಬೈದೆ. ಮೂರು ದಿನ ಅದೇ ಹಾಡು.

ಬುಧವಾರ ಡಬ್ಬಿ ಚೀಲದಾಗ ಹಾಕ್ಕೊಂಡು ಅಂಗಡಿಗೆ ಹೋದೆ. ಸಿರಾಜುದ್ದೀನ್ ನೋಡಿ ನಕ್ಕ. ಆ ಸುಟ್ಟ ಕಂಪ್ಯೂಟರಿಗೆ ಎಂದಾರೆ ಪೂರ್ತಿ ಬಂದ್ ಮಾಡಿದ್ರೇನ್ರಿ ಅಂತ ಕೇಳಿದ. ಎಂದೂ ಇಲ್ಲ ಅಂದೆ. ನಿನಗ ಗೊತ್ತಲ್ಲ, ಓಣಿಯ ಹೆಣ್ಮಕ್ಕಳ ಅರ್ಜಿ ಅರ್ಧ ಟೈಪ್ ಆಗಿರತಿದ್ದವು, ಕರೆಂಟಿನ ಭರೋಸಾ ಇಲ್ಲ. ಅದಕ್ಕ ಎಲ್ಲಾ ತೆರೆದಿಟ್ಟೇ ದಿನಾ ಅದನ್ನ ಮಲಗಿಸ್ತಿದ್ದೆ. ಮರುದಿನ ಎಬ್ಬಿಸಿದರೆ ಬಿಟ್ಟಲ್ಲಿಂದ ಸುರು.

ಅದೇ ಫಜೀತಿ ಆಗ್ಯಾದ ರಿ ಅಂದ. ವಿಂಡೋಸ್ ಇನ್ನೂ ನಿದ್ದಿಯಾಗ ಅದ, ಎದ್ದು ಬರ್ತೀನಿ ಅಂತ ಡಿಸ್ಕಿನ ಮ್ಯಾಲ ಗುರುತು ಮಾಡಿಟ್ಟದ. ಮಲಗಿದವರ ಮನ್ಯಾಗ ಹೊಕ್ಕು ಸಾಮಾನ ಸರಿಸಬಾರದು ಅಂತ ಲಿನಕ್ಸ್ ಬರೀ ನೋಡಲಿಕ್ಕೆ ಬಿಡ್ತದ. ಆ ನಿದ್ದಿ ಅಳಿಸಿದರೆ ಬರೆಯಬಹುದು. ಆಗ ತೆರೆದಿಟ್ಟ ಅರ್ಜಿಗಳು ಹೋಗ್ತಾವ, ಉಳಿದದ್ದಕ್ಕೂ ನಾ ಗ್ಯಾರಂಟಿ ಕೊಡಾಂಗಿಲ್ಲ ಅಂದ. ನಾ ಡಬ್ಬಿ ಕಸಕೊಂಡೆ.

ಆಮ್ಯಾಲ ಅವ ಒಂದು ಮಾತು ಕೇಳಿದ. ಪದ ಪೆನ್‌ಡ್ರೈವಿಗೆ ತಗೊಳ್ರಿ, ತಗೊಳ್ಳಲಿಕ್ಕೆ ಅದು ಬ್ಯಾಡ ಅನ್ನಂಗಿಲ್ಲಲ್ಲ. ಹೆಸರು ಬದಲಿಸೋದು, ಕತ್ತರಿಸೋದು ಅಲ್ಲಿ ಮಾಡ್ಕೊಳ್ರಿ, ಇದಕ್ಕ್ಯಾಕ ಇಷ್ಟು ಗುದ್ದಾಡಾಕತ್ತೀರಿ ಅಂದ.

ಸುಮೇಧಾ, ಡಿಸ್ಕ್ ತೆರೀವಲ್ದು ಅಂತ ನಿನಗ ಫೋನಿನಾಗ ಹೇಳಿದ್ದೆನಲ್ಲ, ಅದು ಸುಳ್ಳು. ಮೊದಲ ದಿನವೇ ತೆರೆದಿತ್ತು, ಪದ ಕೇಳಿದ್ದೂ ಆಗಿತ್ತು. ಫೈಲಿಗೆ ಬರೀ ಅಂಕಿ ಇದ್ದವು, ಅಕ್ಕನ ಹೆಸರು ಹಚ್ಚಿ ಕಳಿಸೋಣ ಅಂತ ತಡ ಮಾಡಿದೆ ಅಂತ ತಿಳಕೋ.

ನಾಳೆ ನಿನ್ನ ಮನೆಯವರು ಧಮ್ಮಪಾಲ ಬರ್ತಾರಲ್ಲ, ಅವರ ಕೈಯಾಗ ಪೆನ್‌ಡ್ರೈವ್, ಈ ಪತ್ರ, ಅಂಟಿನ ಉಂಡಿ ಕಳಿಸ್ತೀನಿ. ಉಂಡಿ ದಿನಕ್ಕೊಂದೇ ತಿನ್ನು. ಪದ ಮಂದಿ ಮುಂದೆ ಹಚ್ಚುವ ಮೊದಲು ನೀ ಒಬ್ಬಾಕಿನೇ ಕೂತು ಕೇಳು.

ಇಂತಿ ನಿನ್ನ ಮೌಶಿ
ವಿದ್ಯಾವತಿ

ಮರೆತ ಮಾತು: ಮರೆತದ್ದಲ್ಲ, ಮ್ಯಾಲ ಬರೆಯಲಿಕ್ಕೆ ಧೈರ್ಯ ಆಗಲಿಲ್ಲ. ಪದ ಮೂರು ನಿಮಿಷದ್ದು, ಫೈಲು ಐದು ನಿಮಿಷದ್ದು. ಪದ ಮುಗಿದ ಮ್ಯಾಲ ನಾ ಮೊಬೈಲ್ ಬಂದ್ ಮಾಡಿರಲಿಲ್ಲ. ವಿದ್ಯಾ, ನನ್ನ ಮಗಳಿಗೆ ಹಾಸ್ಟೆಲಿಗೆ ಹಾಕಬ್ಯಾಡ, ನಿನ್ನ ಹಂತೇಲಿ ಇಟ್ಕೋ ಅಂತ ನಿಮ್ಮ ಅವ್ವ ಹೇಳ್ತಾಳ. ನಾ ಹೂಂ ಅಂದದ್ದೂ ಅದರಾಗ ಅದ. ಹಾಸ್ಟೆಲಿಗೆ ಹಾಕು ಅಂತ ನಿಮ್ಮ ಅವ್ವನೇ ಹೇಳಿ ಹೋದಳು ಅಂತ ಹನ್ನೊಂದು ವರ್ಷ ನಿನಗ ಹೇಳಿಕೊಂಡು ಬಂದೀನಿ. ಆಗ ನನಗ ಒಂದೇ ಖೋಲಿ ಇತ್ತು, ಅಂಗನವಾಡಿಯ ಕೆಲಸ ಇತ್ತು. ಅವು ಕಾರಣ ಅಲ್ಲ ಅಂತ ನನಗೂ ಗೊತ್ತದ. ಆ ಎರಡು ನಿಮಿಷ ಡಿಸ್ಕಿನ ಮ್ಯಾಲಿಂದಲೇ ಅಳಿಸಬೇಕು, ಎಲ್ಲೂ ಉಳಿಯಬಾರದು ಅಂತ ಗುದ್ದಾಡಿದ್ದು. ನಿನ್ನೆ ಪೆನ್‌ಡ್ರೈವಿನಾಗ ಕತ್ತರಿಸಲಿಕ್ಕೆ ಕೂತೆ. ವಿದ್ಯಾ ಅಂತ ಆಕಿ ಕರೆಯೋದು ಅಲ್ಲೇ ಬರ್ತದ, ಈಗ ನನಗ ಹಂಗ ಕರೆಯಾವರು ಯಾರೂ ಇಲ್ಲ. ಕೈ ಬರಲಿಲ್ಲ, ಇದ್ದಂಗೇ ಕಳಿಸೀನಿ. ಕೊನೆತನಕ ಕೇಳು. ಹೆಸರಿಡುವ ದಿನದ ವಂದನೆಗೆ ಉಡಲಿಕ್ಕೆ ಬಿಳಿ ಸೀರಿ ಇಸ್ತ್ರಿ ಮಾಡಿ ಇಟ್ಟೀನಿ. ಬಾ ಅಂತ ನಿನ್ನ ಫೋನ್ ಬಂದರಷ್ಟೇ ರವಿವಾರ ಉಡ್ತೀನಿ.